ಮನೆಯೊಳಗಿನ ಮೋಸ ಊರಿಗೆ ಮನರಂಜನೆಯಾದಾಗ

ತುಮಕೂರಿಗೆ ಹೋಗುವ ದಾರಿಯಲ್ಲಿ ಒಂದು ದರ್ಶಿನಿಯಲ್ಲಿ ಕಾಫಿಗೆ ನಿಂತಿದ್ದೆ. ಗೋಡೆಯ ಟಿವಿಯಲ್ಲಿ ಒಂದೇ ಮೊಬೈಲ್ ವಿಡಿಯೋ ತಿರುಗಿ ತಿರುಗಿ ಬರುತ್ತಿತ್ತು. ಯಾವುದೋ ಬಾಡಿಗೆ ಮನೆಯ ಮುಂದೆ ಒಬ್ಬಳು ಇನ್ನೊಬ್ಬಳ ಜುಟ್ಟು ಹಿಡಿದಿದ್ದಾಳೆ. ಬನಿಯನ್ ಹಾಕಿದ ಗಂಡಸು ಬಿಡಿಸಲು ಬರುತ್ತಾನೆ, ಯಾರೋ ಅವನ ಕೆನ್ನೆಗೆ ಬಾರಿಸುತ್ತಾರೆ. ಕೆಳಗಿನ ಕೆಂಪು ಪಟ್ಟಿಯಲ್ಲಿ ‘ಗಂಡನ ಕಳ್ಳಾಟ ಬಯಲು’ ಅಂತ ಓಡುತ್ತಿದೆ.

ಆರನೇ ಸಲವೋ ಏಳನೇ ಸಲವೋ ಅದು ಬಂದಾಗ ನನ್ನ ಕಣ್ಣು ಚಿತ್ರದ ಮೂಲೆಗೆ ಹೋಯಿತು. ನಲ್ಲಿ ಕೆಳಗೆ ಇಟ್ಟ ಬಿಂದಿಗೆ ತುಂಬಿ ಹರಿಯುತ್ತಿತ್ತು. ಹೊಸ್ತಿಲ ಪಕ್ಕ ಯೂನಿಫಾರ್ಮ್ ಹಾಕಿದ ಒಬ್ಬ ಹುಡುಗ. ಒಂದು ಕಾಲಿಗೆ ಶೂ ಇತ್ತು, ಇನ್ನೊಂದಕ್ಕೆ ಬರೀ ಸಾಕ್ಸ್. ಉಳಿದ ಶೂ ಕೈಯಲ್ಲೇ ಇತ್ತು. ಅಲ್ಲಿದ್ದ ದೊಡ್ಡವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಅವನ ಮುಖವನ್ನು ಯಾರೂ ಮಸುಕು ಮಾಡಿರಲಿಲ್ಲ.

ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಮೋಸ ಮಾಡಿದವರನ್ನು ಹಿಡಿದು ಎಲ್ಲರ ಮುಂದೆ ನಿಲ್ಲಿಸುವುದು ಮೇಲ್ನೋಟಕ್ಕೆ ನ್ಯಾಯದ ಹಾಗೇ ಕಾಣುತ್ತದೆ. ‘ತಪ್ಪು ಮಾಡಿದ್ದಾನೆ, ಅನುಭವಿಸಲಿ ಬಿಡಿ’ ಅಂತ ನಾವೆಲ್ಲ ಒಂದಲ್ಲ ಒಂದು ಸಲ ಅಂದಿದ್ದೇವೆ. ನಾನೂ ಅಂದಿದ್ದೇನೆ. ಆದರೆ ಹತ್ತಿರ ಹೋಗಿ ನೋಡಿದರೆ ಇದರಲ್ಲಿ ಬೇರೆ ಬೇರೆ ಕೆಲಸಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಅವನ್ನು ಬಿಡಿಸದೆ ಇದು ಸರಿಯೋ ತಪ್ಪೋ ಅಂತ ಹೇಳುವುದು ಕಷ್ಟ.

ಮೊದಲು ನಮ್ಮ ಮಾತಿನಿಂದಲೇ ಶುರು ಮಾಡೋಣ. ಕನ್ನಡದ ಸುದ್ದಿಯಲ್ಲಿ ಇಂಥ ಸಂಬಂಧಕ್ಕೆ ಇವತ್ತಿಗೂ ‘ಅಕ್ರಮ ಸಂಬಂಧ’ ಅಂತಲೇ ಹೆಸರು. ಅಕ್ರಮ ಮರಳುಗಾರಿಕೆ, ಅಕ್ರಮ ಮದ್ಯ ಅನ್ನುವಾಗ ಬಳಸುವ ಅದೇ ಅಕ್ರಮ. ಕಾನೂನು ಮಾತ್ರ ಈ ಮಾತನ್ನು ಬಿಟ್ಟು ವರ್ಷಗಳಾದವು. 1860ರ ದಂಡಸಂಹಿತೆಯ 497ನೇ ಕಲಂ ಪ್ರಕಾರ, ಇನ್ನೊಬ್ಬನ ಹೆಂಡತಿಯ ಜೊತೆ ಆಕೆಯ ಗಂಡನ ಒಪ್ಪಿಗೆ ಇಲ್ಲದೆ ಸಂಬಂಧ ಇಟ್ಟುಕೊಂಡ ಗಂಡಸಿಗೆ 5 ವರ್ಷದವರೆಗೆ ಜೈಲು ಆಗಬಹುದಿತ್ತು. ಗಂಡನ ಒಪ್ಪಿಗೆ ಇದ್ದರೆ ಅಪರಾಧವೇ ಇಲ್ಲ! ಅಂದರೆ ಹೆಂಡತಿಯನ್ನು ಗಂಡನ ಆಸ್ತಿ ಅಂತ ಎಣಿಸಿದ ಕಾನೂನು ಅದು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದು ಮಾಡಿತು. ಈಗ ವ್ಯಭಿಚಾರ ವಿಚ್ಛೇದನಕ್ಕೆ ಕಾರಣವಾಗುತ್ತದೆ, ಜೈಲಿಗೆ ಕಾರಣವಾಗುವುದಿಲ್ಲ.

ಇನ್ನೊಂದು ಮಾತು ‘ಧರ್ಮದೇಟು’. ಸಿಕ್ಕಿಬಿದ್ದವರನ್ನು ಜನ ಸೇರಿ ಹೊಡೆದರೆ ಹೀಗೆ ಬರೆಯುತ್ತಾರೆ. ಗುಂಪು ಕಟ್ಟಿ ಹೊಡೆಯುವುದು ಕಾನೂನಿನ ಪ್ರಕಾರ ಅಪರಾಧ. ಒಮ್ಮೆ ಯೋಚಿಸಿ. ಅಪರಾಧವಲ್ಲದ್ದಕ್ಕೆ ಅಕ್ರಮ ಅಂತ ಹೆಸರು, ಅಪರಾಧಕ್ಕೆ ಧರ್ಮ ಅಂತ ಹೆಸರು. ವಿಡಿಯೋ ನೋಡುವ ಮೊದಲೇ ಯಾರ ಪರ ನಿಲ್ಲಬೇಕು ಅನ್ನುವುದನ್ನು ಈ ಎರಡು ಮಾತು ತೀರ್ಮಾನ ಮಾಡಿಬಿಟ್ಟಿರುತ್ತವೆ.

ಹಾಗಂತ ಮೋಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. ನಂಬಿದವರು ಕೈಕೊಟ್ಟಾಗ ಆಗುವ ನೋವು ಮೈಗೆ ಬಿದ್ದ ಏಟಿನಷ್ಟೇ ನಿಜ. ನಿದ್ದೆ ಹೋಗುತ್ತದೆ, ಊಟ ಸೇರುವುದಿಲ್ಲ, ಹತ್ತು ವರ್ಷದ ನೆನಪುಗಳನ್ನೆಲ್ಲ ಮತ್ತೆ ತೆಗೆದು ‘ಅವತ್ತು ಹೇಳಿದ್ದೂ ಸುಳ್ಳಾ?’ ಅಂತ ನೋಡಬೇಕಾಗುತ್ತದೆ. ಆ ನೋವು ಉಂಡವರಿಗೆ ಸತ್ಯ ತಿಳಿಯುವ ಹಕ್ಕು ಪೂರ್ತಿ ಇದೆ. ಅದನ್ನು ತಿಳಿಯಬೇಕಾದವರಿಗೆ ತಿಳಿಸುವ ಹಕ್ಕೂ ಇದೆ. ಅಪ್ಪ ಅಮ್ಮನಿಗೆ, ಅಕ್ಕ ತಂಗಿಗೆ, ವಕೀಲರಿಗೆ, ಬೇಕಾದರೆ ಆ ಇನ್ನೊಬ್ಬರ ಮನೆಯವರಿಗೆ. ತಿಳಿಯುವುದು, ತಿಳಿಸುವುದು, ಇಲ್ಲಿಯವರೆಗೆ ಕೆಲಸ ನೋವು ಉಂಡವರದ್ದು. ಸಂಬಂಧವೇ ಇಲ್ಲದ ಲಕ್ಷ ಜನಕ್ಕೆ ತೋರಿಸುವುದು ಬೇರೆಯದೇ ಕೆಲಸ. ಆ ಕೆಲಸಕ್ಕೆ ಇಳಿದ ಕೂಡಲೇ ಕ್ಯಾಮೆರಾ, ಚಾನೆಲ್, ಜಾಹೀರಾತು, ಪೇಜಿನ ಫಾಲೋವರ್ಸ್ ಎಲ್ಲ ಬರುತ್ತವೆ. ಆಮೇಲೆ ಏನು ನಡೆಯಬೇಕು ಅನ್ನುವುದನ್ನು ನೋವು ಉಂಡವರು ತೀರ್ಮಾನ ಮಾಡುವುದಿಲ್ಲ.

ಇದನ್ನು ಚೆನ್ನಾಗಿ ತೋರಿಸುವ ಒಂದು ಉದಾಹರಣೆ ಬ್ರಿಟನ್ನಿನದು. ಅಲ್ಲಿನ ಐಟಿವಿ ಚಾನೆಲ್‌ನಲ್ಲಿ 2005ರಿಂದ 2019ರವರೆಗೆ ‘ದಿ ಜೆರೆಮಿ ಕೈಲ್ ಶೋ’ ನಡೆಯಿತು. 3,000ಕ್ಕೂ ಹೆಚ್ಚು ಕಂತುಗಳು. ಬೆಳಗಿನ ಹೊತ್ತು ಮನೆಯಲ್ಲಿ ಇರುವವರು ನೋಡುವ ಕಾರ್ಯಕ್ರಮ. ಜೋಡಿಗಳನ್ನು ವೇದಿಕೆಗೆ ಕರೆಯುತ್ತಿದ್ದರು. ‘ಇವನು ನನಗೆ ಮೋಸ ಮಾಡುತ್ತಿದ್ದಾನೆ’ ಅಂತ ಒಬ್ಬರು, ‘ಇಲ್ಲ’ ಅಂತ ಇನ್ನೊಬ್ಬರು. ಮೊದಲೇ ಸುಳ್ಳು ಪತ್ತೆ ಯಂತ್ರದ ಪರೀಕ್ಷೆ ಆಗಿರುತ್ತಿತ್ತು. ಅದರ ಫಲಿತಾಂಶವನ್ನು ನಿರೂಪಕ ಎಲ್ಲರ ಮುಂದೆ ಓದುತ್ತಿದ್ದ. ಆ ಕ್ಷಣಕ್ಕಾಗಿಯೇ ಜನ ಕಾಯುತ್ತಿದ್ದರು. ಒಬ್ಬರು ಕುಸಿಯುವುದು, ಇನ್ನೊಬ್ಬರು ಎದ್ದು ಓಡುವುದು, ಪ್ರೇಕ್ಷಕರು ಕೂಗುವುದು, ಎಲ್ಲವೂ ಅಲ್ಲೇ.

2007ರಲ್ಲೇ ಒಂದು ಎಚ್ಚರಿಕೆ ಬಂದಿತ್ತು. ಹೆಂಡತಿಯ ಗೆಳೆಯನಿಗೆ ವೇದಿಕೆಯ ಮೇಲೆಯೇ ತಲೆಯಿಂದ ಗುದ್ದಿದ ಒಬ್ಬನ ಕೇಸು ಮ್ಯಾಂಚೆಸ್ಟರ್ ಕೋರ್ಟಿಗೆ ಬಂತು. ನ್ಯಾಯಾಧೀಶ ಅಲನ್ ಬರ್ಗ್ ಈ ಕಾರ್ಯಕ್ರಮವನ್ನು ಹಳೇ ಕಾಲದ ಕರಡಿ ಕಾಳಗಕ್ಕೆ ಹೋಲಿಸಿದರು. ಕರಡಿಯನ್ನು ಕಟ್ಟಿಹಾಕಿ ನಾಯಿ ಬಿಟ್ಟು ನೋಡುತ್ತಿದ್ದರಲ್ಲ, ಅದನ್ನೇ ಮನುಷ್ಯರನ್ನು ಇಟ್ಟುಕೊಂಡು ಮಾಡುತ್ತಿದ್ದಾರೆ ಅನ್ನುವುದು ಅವರ ಮಾತಿನ ಅರ್ಥ. ಕಾರ್ಯಕ್ರಮ ಮುಂದೆ ಇನ್ನೂ ಹನ್ನೆರಡು ವರ್ಷ ನಡೆಯಿತು.

2019ರ ಮೇ ತಿಂಗಳಲ್ಲಿ 63 ವರ್ಷದ ಒಬ್ಬರು ಅಲ್ಲಿಗೆ ಬಂದರು. ಮದುವೆಯಾಗಬೇಕಿದ್ದವಳಿಗೆ ತಾನು ಮೋಸ ಮಾಡಿಲ್ಲ ಅಂತ ತೋರಿಸಬೇಕಿತ್ತು, ಅಷ್ಟೇ. ಯಂತ್ರ ಅವರ ವಿರುದ್ಧ ಹೇಳಿತು. ಚಿತ್ರೀಕರಣವಾಗಿ ಒಂದು ವಾರಕ್ಕೆ ಅವರು ತಮ್ಮ ಕೋಣೆಯಲ್ಲಿ ಶವವಾಗಿ ಸಿಕ್ಕರು. ಆ ಕಂತು ಪ್ರಸಾರವೇ ಆಗಲಿಲ್ಲ. ಮೇ 15ರಂದು ಐಟಿವಿ ಇಡೀ ಕಾರ್ಯಕ್ರಮವನ್ನೇ ನಿಲ್ಲಿಸಿತು. ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. 2024ರಲ್ಲಿ ಸಾವಿನ ವಿಚಾರಣೆ ಮುಗಿದಾಗ, ಕಾರ್ಯಕ್ರಮದಲ್ಲಿ ಆದದ್ದು ಅವರ ಸಂಕಟವನ್ನು ಹೆಚ್ಚಿಸಿರುವ ಸಾಧ್ಯತೆ ಇದೆ, ಆದರೆ ಅದೇ ಸಾವಿಗೆ ಕಾರಣ ಅನ್ನಲು ನಂಬಬಹುದಾದ ಸಾಕ್ಷ್ಯ ಇಲ್ಲ ಅಂತ ವಿಚಾರಣಾಧಿಕಾರಿ ಹೇಳಿದರು. ತೀರಿಕೊಂಡವರಿಗೆ ಮೊದಲಿನಿಂದಲೂ ಮಾನಸಿಕ ತೊಂದರೆ ಇತ್ತು. ಹಾಗಾಗಿ ‘ಶೋ ಕೊಂದಿತು’ ಅಂತ ಬರೆಯುವುದು ಸರಿಯಲ್ಲ.

ಆದರೆ ನನ್ನ ಪ್ರಶ್ನೆ ಸಾವಿನದ್ದಲ್ಲ. ಆ ಮನುಷ್ಯ ಇವತ್ತು ಬದುಕಿದ್ದರೂ ಅವರಿಗೆ ಮಾಡಿದ್ದು ಸರಿಯಾಗುತ್ತಿತ್ತಾ?

ಆ ಯಂತ್ರವನ್ನೇ ನೋಡಿ. ಅದು ಸುಳ್ಳನ್ನು ಅಳೆಯುವುದಿಲ್ಲ. ಉಸಿರು, ನಾಡಿ, ರಕ್ತದೊತ್ತಡ, ಬೆರಳ ತುದಿಯ ಬೆವರು, ಇಷ್ಟನ್ನೇ ಅಳೆಯುವುದು. ಸುಳ್ಳು ಹೇಳಿದರೆ ಮೈ ಬಿಸಿಯಾಗುತ್ತದೆ ಅನ್ನುವ ಲೆಕ್ಕ. ಆದರೆ ‘ನನ್ನನ್ನು ನಂಬದೇ ಹೋದರೆ?’ ಅನ್ನುವ ಹೆದರಿಕೆಗೂ ಮೈ ಹಾಗೇ ಬಿಸಿಯಾಗುತ್ತದೆ. ಸಂಬಂಧವೇ ಮುರಿಯುತ್ತದೆ ಅನ್ನುವ ಭಯದಲ್ಲಿ ಕೂತವರ ನಾಡಿ ಹೇಗಿರುತ್ತದೆ ಹೇಳಿ. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಯಂತ್ರಗಳ ಬಗ್ಗೆ ದೊಡ್ಡ ವರದಿ ಮಾಡಿ, ಇವು ಪೂರ್ತಿ ಭರವಸೆ ಇಡುವಂಥವಲ್ಲ ಅಂದಿತು. 2019ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿ ಕಾರ್ಯಕ್ರಮದವರನ್ನು ಕರೆದು ಕೇಳಿದಾಗ, ತಾವು ಅಷ್ಟು ವರ್ಷ ಬಳಸಿದ ಪರೀಕ್ಷೆ ಎಷ್ಟರ ಮಟ್ಟಿಗೆ ಸರಿ ಅಂತ ಅವರಿಗೆ ಖಚಿತವಾಗಿ ಹೇಳಲು ಆಗಲಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಕರ್ನಾಟಕದ ಕೇಸಿನಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2010ರ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪು ಅದು. ಯಾರನ್ನೂ ಬಲವಂತವಾಗಿ ಸುಳ್ಳು ಪತ್ತೆ ಪರೀಕ್ಷೆಗೆ ಕೂರಿಸುವಂತಿಲ್ಲ, ಒಪ್ಪಿ ಕೂತರೂ ಅದರ ಫಲಿತಾಂಶ ತಾನೇ ಸಾಕ್ಷಿ ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಕೊಲೆ ಕೇಸಿನಲ್ಲೂ ಸಾಲದ ಪುರಾವೆ ಒಬ್ಬರ ಸಂಸಾರ ಮುರಿಯಲು ಸಾಕು ಅಂತ ಟಿವಿಯವರು ನಡೆದುಕೊಂಡರೆ, ಅದನ್ನು ಸತ್ಯ ಹುಡುಕುವ ಕೆಲಸ ಅನ್ನಲು ನನ್ನಿಂದ ಆಗುವುದಿಲ್ಲ.

‘ಅವರೇ ಒಪ್ಪಿ ಸಹಿ ಹಾಕಿದ್ದರಲ್ಲ?’ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಒಪ್ಪಿಗೆ ಅಂದರೆ ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದು ಒಪ್ಪುವುದು. ಇಲ್ಲಿ ಇಡೀ ಆಟ ನಿಂತಿರುವುದೇ ಗೊತ್ತಿಲ್ಲದಿರುವುದರ ಮೇಲೆ. ಮುಖದ ಬಣ್ಣ ಇಳಿಯುವುದನ್ನು ಕ್ಯಾಮೆರಾ ಹಿಡಿಯಬೇಕಾದರೆ ಮೊದಲೇ ಹೇಳುವಂತಿಲ್ಲ. ಅದೂ ಅಲ್ಲದೆ ಅಲ್ಲಿಗೆ ಹೋಗುವವರು ಯಾರು? ವಕೀಲರಿಗೆ ಫೀಸು ಕೊಡಲಾಗದವರು, ಕೌನ್ಸೆಲಿಂಗ್ ಸಿಗದವರು, ಬೇರೆ ದಾರಿ ಕಾಣದವರು. ನಮ್ಮ ಕನ್ನಡದಲ್ಲೂ ‘ಬದುಕು ಜಟಕಾ ಬಂಡಿ’, ‘ಇದು ಕಥೆ ಅಲ್ಲ ಜೀವನ’ ಥರದ ಕಾರ್ಯಕ್ರಮಗಳಲ್ಲಿ ಮನೆಯ ಜಗಳಗಳು ಸ್ಟುಡಿಯೋಗೆ ಬಂದವು. ಊರಿನಲ್ಲಿ ಯಾರೂ ಕಿವಿಗೊಡದ ಎಷ್ಟೋ ಹೆಣ್ಣುಮಕ್ಕಳಿಗೆ ಅಲ್ಲಿ ಮಾತಾಡಲು ಜಾಗ ಸಿಕ್ಕಿತು. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಕಷ್ಟದಲ್ಲಿ ಇರುವವರಿಗೆ ಸಹಾಯ ಬೇಕಾದರೆ ಅವರ ಕಣ್ಣೀರನ್ನು ಪ್ರಸಾರ ಮಾಡಬೇಕು ಅನ್ನುವ ಷರತ್ತು ಇದ್ದರೆ, ಆ ಸಹಾಯದ ಬೆಲೆ ತುಂಬಾ ಜಾಸ್ತಿಯಾಯಿತು. ಬ್ರಿಟನ್ನಿನಲ್ಲಿ 2021ರಿಂದ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ಭಾಗವಹಿಸುವವರ ಮನಸ್ಸಿಗೆ ಆಗಬಹುದಾದ ಹಾನಿಯನ್ನು ಚಾನೆಲ್‌ಗಳು ಮೊದಲೇ ಯೋಚಿಸಿ ನೋಡಿಕೊಳ್ಳಬೇಕು ಅಂತ ನಿಯಮ ತಂದಿತು.

ಸಿಕ್ಕಿಬಿದ್ದವರನ್ನು ತೋರಿಸುವುದು ಒಂದಾದರೆ, ಬೀಳಿಸಿ ತೋರಿಸುವುದು ಇನ್ನೊಂದು. 2009ರ ಕೊನೆಗೆ ಯುಟಿವಿ ಬಿಂದಾಸ್ ಚಾನೆಲ್‌ನಲ್ಲಿ ‘ಎಮೋಷನಲ್ ಅತ್ಯಾಚಾರ್’ ಶುರುವಾಯಿತು. ಅಲ್ಲಿ ‘ಲಾಯಲ್ಟಿ ಟೆಸ್ಟ್’ ಇರುತ್ತಿತ್ತು. ಅನುಮಾನ ಇರುವ ಹುಡುಗಿ ಬಂದು ಹೇಳಿದರೆ, ಕಾರ್ಯಕ್ರಮದವರೇ ಒಬ್ಬ ಚಂದದ ಹುಡುಗಿಯನ್ನು ಅವಳ ಹುಡುಗನ ಹತ್ತಿರ ಕಳಿಸುತ್ತಿದ್ದರು. ಅಡಗಿಸಿಟ್ಟ ಕ್ಯಾಮೆರಾ ನೋಡುತ್ತಿತ್ತು. ಈಗ ಇದೇ ಆಟ ರೀಲ್ಸ್‌ಗೆ ಬಂದಿದೆ. ಫೇಕ್ ಐಡಿಯಿಂದ ‘ಹಾಯ್’ ಕಳಿಸಿ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ರಸ್ತೆಯಲ್ಲಿ ಜೋಡಿಗಳನ್ನು ನಿಲ್ಲಿಸಿ ಫೋನ್ ಅದಲು ಬದಲು ಮಾಡಿಸುತ್ತಾರೆ.

ಇದು ಪರೀಕ್ಷೆಯ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಏನನ್ನು ಪರೀಕ್ಷೆ ಮಾಡಿದ ಹಾಗಾಯಿತು? ಆ ಹುಡುಗ ಮೊದಲು ಮೋಸ ಮಾಡಿದ್ದನೋ ಇಲ್ಲವೋ ಅನ್ನುವುದು ಇದರಿಂದ ತಿಳಿಯುವುದಿಲ್ಲ. ಇಲ್ಲದೇ ಇದ್ದ ಒಂದು ಆಸೆಯನ್ನು ತಾವೇ ತಯಾರಿಸಿ, ಅವನ ಮುಂದೆ ಇಟ್ಟು, ಕೈ ಚಾಚುವವರೆಗೆ ಕಾದದ್ದು ಅಷ್ಟೇ. ಕೈ ಚಾಚದಿದ್ದರೆ ವಿಡಿಯೋಗೆ ವ್ಯೂಸ್ ಬರುವುದಿಲ್ಲ. ಹಾಗಾಗಿ ಚಾಚುವ ತನಕ ಒತ್ತಾಯ ಹೆಚ್ಚುತ್ತಲೇ ಇರುತ್ತದೆ. ಇಂಥ ವಿಡಿಯೋಗಳಲ್ಲಿ ಎಷ್ಟೋ ನಟರನ್ನಿಟ್ಟು ಮಾಡಿದವು. ‘ಮನರಂಜನೆಗಾಗಿ ಮಾತ್ರ’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಹಾಗಿದ್ದರೆ ಯಾರಿಗೂ ನೋವಿಲ್ಲ ಅಂತ ಬಿಡಬಹುದೇ? ನನಗೆ ಹಾಗನ್ನಿಸುವುದಿಲ್ಲ. ನನ್ನ ಅಣ್ಣನ ಮಗನಿಗೆ ಹತ್ತೊಂಬತ್ತು ವರ್ಷ. ‘ಅತ್ತೆ, ಫೋನ್ ಪಾಸ್‌ವರ್ಡ್ ಕೊಡಲಿಲ್ಲ ಅಂದ್ರೆ ಏನೋ ಇದೆ ಅಂತಲೇ ಅರ್ಥ’ ಅಂತ ಅವನು ಗಟ್ಟಿಯಾಗಿ ನಂಬಿದ್ದಾನೆ. ಇದನ್ನು ಅವನಿಗೆ ಮನೆಯಲ್ಲಿ ಯಾರೂ ಕಲಿಸಿಲ್ಲ.

ಸಣ್ಣ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಕೂಡ ಬೇಕಾಗಿಲ್ಲ. 2025ರ ಜುಲೈ 16ರಂದು ಅಮೆರಿಕದ ಬಾಸ್ಟನ್ ಹತ್ತಿರ ಕೋಲ್ಡ್‌ಪ್ಲೇ ತಂಡದ ಸಂಗೀತ ಕಾರ್ಯಕ್ರಮ. ದೊಡ್ಡ ಪರದೆಯಲ್ಲಿ ತಬ್ಬಿಕೊಂಡ ಒಂದು ಜೋಡಿ ಕಂಡಿತು. ತಮ್ಮನ್ನು ತಾವೇ ನೋಡಿ ಬೆಚ್ಚಿ ಅಡಗಿಕೊಂಡರು. ಒಂದು ಕಂಪನಿಯ ಮುಖ್ಯಸ್ಥ ಮತ್ತು ಅದೇ ಕಂಪನಿಯ ಎಚ್‌ಆರ್ ಮುಖ್ಯಸ್ಥೆ. ಎರಡು ದಿನದಲ್ಲಿ ಜಗತ್ತೆಲ್ಲ ನೋಡಿತು, ಹತ್ತು ದಿನದೊಳಗೆ ಇಬ್ಬರೂ ಕೆಲಸ ಬಿಟ್ಟರು. ಕಂಪನಿಯೊಳಗೆ ಅಧಿಕಾರದಲ್ಲಿ ಇರುವ ಇಬ್ಬರ ಸಂಬಂಧವನ್ನು ಆ ಕಂಪನಿ ವಿಚಾರಿಸಿದರೆ ಅದು ನ್ಯಾಯವೇ. ಆದರೆ ಪಕ್ಕದಲ್ಲಿ ನಿಂತಿದ್ದ ಮೂರನೆಯ ಹೆಂಗಸನ್ನು ಜನ ಅದೇ ಕಂಪನಿಯ ಇನ್ನೊಬ್ಬ ಉದ್ಯೋಗಿ ಅಂತ ಹೆಸರಿಟ್ಟು ಹಂಚಿದರು. ಆಕೆ ಅವತ್ತು ಅಲ್ಲಿರಲೇ ಇಲ್ಲ ಅಂತ ಕಂಪನಿ ಹೇಳಿಕೆ ಕೊಡಬೇಕಾಯಿತು. ವಿಡಿಯೋದಲ್ಲಿ ಇದ್ದಾಕೆಗೆ ಕೊಲೆ ಬೆದರಿಕೆಗಳು ಬಂದವು. ಅವರವರ ಮನೆಗಳಲ್ಲಿ ಏನು ನಡೆದಿತ್ತು ಅನ್ನುವುದು ನಗುತ್ತಾ ಹಂಚಿದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಚೀನಾದ ಒಂದು ಹಳೆಯ ಪ್ರಕರಣ. 2007ರ ಡಿಸೆಂಬರಿನಲ್ಲಿ ಬೀಜಿಂಗ್‌ನ ಒಬ್ಬ ಮಹಿಳೆ ಗಂಡನ ಇನ್ನೊಂದು ಸಂಬಂಧದ ಬಗ್ಗೆ ಡೈರಿಯಂತೆ ಬರೆದಿಟ್ಟು ಪ್ರಾಣ ಬಿಟ್ಟಳು. ಅದು ಇಂಟರ್ನೆಟ್ಟಿಗೆ ಬಂತು. ಸಾವಿರಾರು ಜನ ಸೇರಿ ಗಂಡನ ಹೆಸರು, ಕೆಲಸ, ಮನೆ ವಿಳಾಸ ಎಲ್ಲ ಹುಡುಕಿ ತೆಗೆದರು. ಕೆಲಸ ಹೋಯಿತು. ಅವನ ಅಪ್ಪ ಅಮ್ಮ ಇದ್ದ ಮನೆಯ ಗೋಡೆಗೂ ಬೈಗುಳ ಬರೆದರು. ಅವನು ಕೋರ್ಟಿಗೆ ಹೋದ. 2008ರ ಡಿಸೆಂಬರಿನಲ್ಲಿ ಬೀಜಿಂಗ್‌ನ ಚಾಓಯಾಂಗ್ ಕೋರ್ಟ್ ಎರಡು ಮಾತು ಹೇಳಿತು. ಗಂಡ ಹೆಂಡತಿಗೆ ಮಾಡಿದ್ದು ತಪ್ಪು. ಜನ ಅವನ ಖಾಸಗಿ ವಿವರ ಹರಡಿದ್ದೂ ತಪ್ಪು. ಮೊದಲನೆಯದು ನಿಜ ಅಂತ ಎರಡನೆಯದು ಸರಿಯಾಗುವುದಿಲ್ಲ. ಆ ಹೆಣ್ಣುಮಗಳ ಸಾವನ್ನು ಓದಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ಅಷ್ಟು ಸಿಟ್ಟು ಬರುವ ಕೇಸಿನಲ್ಲೂ ಕೋರ್ಟ್ ಈ ಗೆರೆ ಎಳೆಯಿತು.

ನಮ್ಮ ಕಾನೂನು ಎಲ್ಲಿ ನಿಂತಿದೆ? ಇದು ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಹಕ್ಕು ಒಳ್ಳೆಯವರಿಗೆ ಮಾತ್ರ ಅಂತ ತೀರ್ಪಿನಲ್ಲಿ ಎಲ್ಲೂ ಇಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಂದು ಕೇಸು ಬಂತು. ಹೆಂಡತಿಗೆ ಬೇರೆ ಸಂಬಂಧ ಇದೆ ಅಂತ ಸಾಬೀತು ಮಾಡಲು, ಆ ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ದಾಖಲೆ ಬೇಕು ಅಂತ ಗಂಡ ಕೇಳಿದ್ದ. ಕೌಟುಂಬಿಕ ನ್ಯಾಯಾಲಯ ಒಪ್ಪಿತ್ತು. ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಗಂಡ ಹೆಂಡಿರ ಕೇಸಿಗಾಗಿ ಮೂರನೆಯವರ ಖಾಸಗಿತನ ಮುರಿಯುವಂತಿಲ್ಲ ಅಂತು.

ಹಾಗಂತ ಸಾಕ್ಷಿಯೇ ಇಡುವಂತಿಲ್ಲ ಅಂತಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಗಂಡನೋ ಹೆಂಡತಿಯೋ ಇನ್ನೊಬ್ಬರಿಗೆ ಗೊತ್ತಿಲ್ಲದೆ ರೆಕಾರ್ಡ್ ಮಾಡಿದ ತಮ್ಮಿಬ್ಬರ ಮಾತುಕತೆಯನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷಿಯಾಗಿ ನೋಡಬಹುದು ಅಂದಿತು. ಆದರೆ ಆ ಕೇಸು ನಡೆಯುವುದು ಎಲ್ಲಿ? ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಪ್ರಕಾರ ಇಂಥ ವಿಚಾರಣೆ ಬಾಗಿಲು ಮುಚ್ಚಿಯೇ ನಡೆಯಬೇಕು, ಅದರ ವಿವರ ಅಚ್ಚು ಹಾಕುವಂತೆಯೂ ಇಲ್ಲ. ಈ ಎರಡನ್ನೂ ಜೊತೆಗಿಟ್ಟು ನೋಡಿ. ಸತ್ಯ ನ್ಯಾಯಾಧೀಶರಿಗೆ ತಿಳಿಯಲಿ, ಬೀದಿಗೆ ಬೇಡ ಅಂತ ಕಾನೂನು ಹೇಳುತ್ತಿದೆ.

‘ನಾನು ಹಾಕಿದ್ದು ನಿಜವೇ ತಾನೇ, ಮಾನನಷ್ಟ ಹೇಗಾಗುತ್ತೆ?’ ಅನ್ನುವವರೂ ಇದ್ದಾರೆ. ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಬರೀ ನಿಜವಾಗಿದ್ದರೆ ಸಾಲದು. ಹಳೇ ದಂಡಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಕೆಳಗೆ, ಆ ನಿಜವನ್ನು ಹೇಳುವುದು ಸಾರ್ವಜನಿಕರ ಹಿತಕ್ಕೆ ಬೇಕಾಗಿತ್ತು ಅಂತಲೂ ತೋರಿಸಬೇಕು. ಹೆಣ್ಣಿನ ಖಾಸಗಿ ಕ್ಷಣವನ್ನು ಚಿತ್ರೀಕರಿಸಿ ಹಂಚಿದರೆ 77ನೇ ಕಲಂ ಬರುತ್ತದೆ. ಲೈಂಗಿಕ ದೃಶ್ಯ ಹರಡಿದರೆ ಐಟಿ ಕಾಯ್ದೆಯ 67ಎ. ಲಾಡ್ಜ್ ಬಾಗಿಲು ಒಡೆದು ಮೊಬೈಲ್ ಹಿಡಿದು ಒಳಗೆ ನುಗ್ಗುವ ಅಣ್ಣ ತಮ್ಮಂದಿರಿಗೆ, ನಾಳೆ ಆರೋಪಿಗಳಾಗುವವರು ತಾವೇ ಅನ್ನುವುದು ಗೊತ್ತಿರುವುದಿಲ್ಲ.

ಸಾರ್ವಜನಿಕ ಹಿತ ನಿಜವಾಗಿ ಇರುವ ಸಂದರ್ಭಗಳೂ ಇವೆ. ಒಬ್ಬ ಮೊದಲನೇ ಮದುವೆ ಮುಚ್ಚಿಟ್ಟು ಎರಡನೆಯದಕ್ಕೆ ಹೊರಟಿದ್ದರೆ ಅದು ಅಪರಾಧ. ಆ ಹುಡುಗಿಗೆ, ಪೊಲೀಸರಿಗೆ ಹೇಳಲೇಬೇಕು. ಅಧಿಕಾರದಲ್ಲಿ ಇರುವವನು ಕೈಕೆಳಗಿನವರನ್ನು ಬಳಸಿಕೊಂಡರೆ, ಮದುವೆಯ ಹೆಸರಲ್ಲಿ ಹಣ ಕಿತ್ತರೆ, ಹೊಡೆತ ಬಡಿತ ಇದ್ದರೆ, ಅಲ್ಲಿ ಸುಮ್ಮನಿರುವುದೇ ತಪ್ಪು. ದೂರು ಕೊಟ್ಟರೂ ಕೇಳದಿದ್ದಾಗ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಿದ್ದರಿಂದಲೇ ಎಷ್ಟೋ ಸತ್ಯ ಹೊರಬಂದಿದೆ. ನಾನು ಕೇಳುವುದು ಇಷ್ಟೇ: ಇದು ತಿಳಿದರೆ ಯಾರಾದರೂ ಅಪಾಯದಿಂದ ಪಾರಾಗುತ್ತಾರಾ, ಇಲ್ಲ ನೋಡುವವರಿಗೆ ಬರೀ ಹೊತ್ತು ಹೋಗುತ್ತದಾ? ಗಂಡ ಇನ್ನೊಬ್ಬಳ ಜೊತೆ ಸಿಕ್ಕಿಬಿದ್ದ ವಿಡಿಯೋ ನೋಡಿ ಬಳ್ಳಾರಿಯಲ್ಲಿ ಕೂತವರು ಯಾವ ಅಪಾಯದಿಂದಲೂ ಪಾರಾಗುವುದಿಲ್ಲ.

ಇನ್ನು ಈ ಅವಮಾನ ಎಲ್ಲರ ಪಾಲಿಗೂ ಒಂದೇ ಸಮ ಬರುವುದಿಲ್ಲ. ವಿಡಿಯೋಗಳನ್ನು ಗಮನಿಸಿ, ಸಾಮಾನ್ಯವಾಗಿ ಮಾತು ಕೊಟ್ಟು ಮುರಿದವನು ಗಂಡ, ಜುಟ್ಟು ಹಿಡಿಸಿಕೊಳ್ಳುವವಳು ಆ ಇನ್ನೊಬ್ಬ ಹೆಂಗಸು. ಸೀರೆ ಎಳೆಯುವುದು, ಮುಖ ಕ್ಯಾಮೆರಾ ಕಡೆ ತಿರುಗಿಸುವುದು ಎಲ್ಲ ಅವಳಿಗೇ. ಆರು ತಿಂಗಳಿಗೆ ಗಂಡನನ್ನು ಮನೆಯವರು ಒಳಗೆ ಕರೆದುಕೊಂಡಿರುತ್ತಾರೆ. ಅವಳು ಊರು ಬಿಟ್ಟಿರುತ್ತಾಳೆ.

ನೋಡುವವರ ಪಾತ್ರ ಏನು ಅಂತ ಯೋಚಿಸುವಾಗ ನನಗೆ ಬೆಳಗಾವಿ ಹತ್ತಿರದ ವಂಟಮೂರಿ ನೆನಪಾಗುತ್ತದೆ. 2023ರ ಡಿಸೆಂಬರ್. ಮಗ ಪ್ರೀತಿಸಿದ ಹುಡುಗಿಯ ಜೊತೆ ಓಡಿಹೋದ ಅಂತ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಹೊಡೆದರು. ಅದು ದಾಂಪತ್ಯದ ಮೋಸದ ಕಥೆಯಲ್ಲ, ಹೋಲಿಸಲಾಗದಷ್ಟು ಕ್ರೂರ. ಆದರೆ ಹೈಕೋರ್ಟ್ ತಾನಾಗಿಯೇ ಆ ಪ್ರಕರಣ ಎತ್ತಿಕೊಂಡಾಗ ಹೊಡೆದವರ ಬಗ್ಗೆ ಮಾತ್ರ ಮಾತಾಡಲಿಲ್ಲ. ಸುಮ್ಮನೆ ನೋಡುತ್ತಾ ನಿಂತ ಊರಿನವರ ಬಗ್ಗೆಯೂ ಕಟುವಾಗಿ ಮಾತಾಡಿತು. ಊರಿಗೆಲ್ಲ ದಂಡ ಹಾಕುವ ಮಾತೂ ಬಂತು. ನೋಡುವುದು ಏನೂ ಮಾಡದಿರುವುದಲ್ಲ ಅನ್ನುವುದು ಅಲ್ಲಿ ಸ್ಪಷ್ಟವಾಯಿತು. ಪರದೆಯ ಮುಂದೆ ಕೂತ ನಾವೂ ಅಷ್ಟೇ. ನಾವು ಕೊನೆಯವರೆಗೆ ನೋಡಿದರೆ ಅದು ಇನ್ನೂ ಹತ್ತು ಜನಕ್ಕೆ ಹೋಗುತ್ತದೆ. ‘ಪಾರ್ಟ್ 2 ಹಾಕಿ’ ಅಂತ ಬರೆದರೆ ಅವರು ಇನ್ನೊಂದು ಬಾಗಿಲು ಹುಡುಕಿಕೊಂಡು ಹೋಗುತ್ತಾರೆ.

ನಮ್ಮ ಬೀದಿಯಲ್ಲೇ ಒಬ್ಬಳು ಇದ್ದಾಳೆ. ಹೆಸರು ಹೇಳುವುದಿಲ್ಲ. ಮೂರು ವರ್ಷದ ಹಿಂದೆ ಗಂಡನ ವಿಷಯ ಗೊತ್ತಾದಾಗ ತಮ್ಮನನ್ನು ಕರೆದುಕೊಂಡು ಹೋಗಿ ವಿಡಿಯೋ ಮಾಡಿ ಹಾಕಿದಳು. ಮೊದಲ ಎರಡು ದಿನ ‘ಶಹಬ್ಬಾಸ್ ಅಕ್ಕಾ’ ಅಂತ ಸಾವಿರಾರು ಜನ ಬರೆದರು. ಆಮೇಲೆ ‘ನೀನು ಸರಿ ಇದ್ದಿದ್ರೆ ಅವನ್ಯಾಕೆ ಹೋಗ್ತಿದ್ದ’ ಅಂತ ಶುರುವಾಯಿತು. ಅವಳ ದಪ್ಪ, ಅವಳ ನೈಟಿ, ಅವಳ ಭಾಷೆ, ಎಲ್ಲಕ್ಕೂ ಮಾತು. ಕೋರ್ಟಿನಲ್ಲಿ ಗಂಡನ ಕಡೆಯವರು ಅದೇ ವಿಡಿಯೋ ಇಟ್ಟು ‘ನೋಡಿ, ಕ್ರೂರಿ’ ಅಂದರು. ಒಂದು ಸಂಜೆ ನನ್ನ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಅವಳು ಹೇಳಿದ್ದು ನನಗೆ ಮರೆಯುವುದಿಲ್ಲ. ‘ಅವನ ಮಾನ ತೆಗೀಬೇಕು ಅಂತ ಹೋದೆ ಅಕ್ಕ. ಈಗ ತರಕಾರಿ ಅಂಗಡೀಲೂ ನನ್ನನ್ನ ವಿಡಿಯೋದವಳು ಅಂತಾರೆ.’

ಅಂಥ ಸಿಟ್ಟು ಬಂದ ಹೊತ್ತಿಗೆ ಬೇರೆ ದಾರಿ ಇದೆಯಾ? ಇದೆ. ಸಾಕ್ಷಿ ಇದ್ದರೆ ಜೋಪಾನ ಮಾಡಿ, ಹಂಚಬೇಡಿ, ವಕೀಲರಿಗೆ ಕೊಡಿ. ಹಣ ಇಲ್ಲದಿದ್ದರೂ ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, ಅದರ ಕಚೇರಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಕೇಳಿದರೆ ತೋರಿಸುತ್ತಾರೆ. ಹೊಡೆತ ಇದ್ದರೆ ಮಹಿಳಾ ಸಹಾಯವಾಣಿ 181. ರಾತ್ರಿ ಕೆಟ್ಟ ಯೋಚನೆ ಬಂದರೆ, ಮೋಸ ಹೋದವರಿಗಾಗಲಿ ಮಾಡಿದವರಿಗಾಗಲಿ, ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ. ವಿಡಿಯೋ ಹರಡಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ನಮ್ಮ ಬೀದಿಯವಳು ಕೊಟ್ಟಿದ್ದಾಳೆ. ತಾನು ಹಾಕಿದ್ದನ್ನು ಯಾವತ್ತೋ ತೆಗೆದಳು, ಆದರೆ ಬೇರೆ ಬೇರೆ ಪೇಜುಗಳಲ್ಲಿ ಅದು ಹೊಸ ಹಾಡು ಹಾಕಿಕೊಂಡು ಮತ್ತೆ ಮತ್ತೆ ಬರುತ್ತದೆ. ಹೋದ ಭಾನುವಾರ ಇನ್ನೊಂದು ಸಿಕ್ಕಿತು. ತಾನು ನೋಡಲಾರೆ ಅಂತ ಫೋನ್ ನನ್ನ ಕೈಗೆ ಕೊಟ್ಟಳು. ‘ಪಾಪು ಮುಖ ಕಾಣುತ್ತಾ ಅಷ್ಟು ನೋಡಿ ಹೇಳಿ ಅಕ್ಕ.’ ನಾನು ನಿಧಾನಕ್ಕೆ ಮುಂದೆ ಸರಿಸುತ್ತಾ ಹೋದೆ. ಹತ್ತೊಂಬತ್ತನೇ ಸೆಕೆಂಡಿನಲ್ಲಿ, ಅಮ್ಮನ ಸೆರಗಿನ ಹಿಂದಿನಿಂದ ಮಗು ಇಣುಕಿತು. ಎರಡು ಸೆಕೆಂಡು, ಅಷ್ಟೇ. ಕಾಣುತ್ತೆ ಅಂದೆ. ಅವಳು ಫೋನ್ ತೆಗೆದುಕೊಂಡು ರಿಪೋರ್ಟ್ ಒತ್ತಿದಳು.